ಗುಂಡು ತಡೆದ ಇಟ್ಟಂಗಿ

ಯುದ್ಧ ಮಾಡಿ ಬಂದವನನ್ನು ಊರವರು ಏನೇನು ಕೇಳಬಹುದು ಎಂಬ ಬಗ್ಗೆ ನನಗೆ ದೊಡ್ಡ ದೊಡ್ಡ ಕಲ್ಪನೆಗಳಿದ್ದವು. ತೋಪಿನ ಸದ್ದು ಹೇಗಿರುತ್ತದೆ, ವೈರಿಯ ಮುಖ ಕಂಡಿತೇ, ಜೀವದ ಆಸೆ ಬಿಟ್ಟಿದ್ದೆಯಾ, ಇಂಥ ಪ್ರಶ್ನೆಗಳಿಗೆಲ್ಲ ಧಾರವಾಡದಿಂದ ಮೊರಬಕ್ಕೆ ಬರುವ ಬಸ್ಸಿನಲ್ಲಿ ಕೂತು ಗಂಭೀರವಾದ ಉತ್ತರಗಳನ್ನು ಹೊಂದಿಸಿಕೊಂಡಿದ್ದೆ. ಮೊರಬದಲ್ಲಿ ಇಳಿದು, ಟ್ರಂಕನ್ನು ಹೆಗಲಿಗೇರಿಸಿ, ಎರೆಹೊಲಗಳ ನಡುವಿನ ದಾರಿ ಹಿಡಿದು ನಮ್ಮೂರ ಅಗಸಿ ಬಾಗಿಲಿಗೆ ಬಂದೆ. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊದಲ ಪ್ರಶ್ನೆ ಹಾಕಿದರು.

"ಅಲ್ಲೆ ಉಣ್ಣಾಕ ಏನ್ ಕೊಡತಿದ್ರೋ ತಮ್ಮಾ? ತತ್ತಿ-ಗಿತ್ತಿ ಮುಟ್ಟಿಲ್ಲ ಹೌದಿಲ್ಲೋ?"

ಭೂಪಟದಲ್ಲಿ ಹೊಸದೊಂದು ದೇಶ ಹುಟ್ಟಿತ್ತು. ನಮ್ಮೂರಿಗೆ ಬೇಕಾಗಿದ್ದದ್ದು ತತ್ತಿಯ ಸುದ್ದಿ. ಮುಟ್ಟಿಲ್ಲರಿ ಎಂದೆ. ಹಿರಿಯರು ಸಮಾಧಾನದಿಂದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಅವರ ಮಟ್ಟಿಗೆ ಎಪ್ಪತ್ತೊಂದರ ಯುದ್ಧವನ್ನು ನಾವು ಆಗಲೇ ಗೆದ್ದದ್ದು.

ನಾನು ಸಿಪಾಯಿ. ಸಿಪಾಯಿ ಎಂದ ಕೂಡಲೇ ಬಂದೂಕು ಹಿಡಿದು ಹುಲಿಯಂತೆ ನುಗ್ಗುವವನನ್ನು ನೆನೆಸಿಕೊಳ್ಳಬೇಡಿ. ನಮ್ಮ ಕಂಪನಿಯದು ಸಲಿಕೆ, ಗುದ್ದಲಿ, ಬುಟ್ಟಿಯ ವ್ಯವಹಾರ. ಮುಂದೆ ಹೋಗುವ ಶೂರರಿಗೆ ರಸ್ತೆ ಮಾಡುವುದು, ಹಿಂದೆ ಬರುವ ಸಾಮಾನು ಇಳಿಸುವುದು, ಅವರು ಎದ್ದುಹೋದ ಮೇಲೆ ಕಂದಕ ಮುಚ್ಚುವುದು ನಮ್ಮ ಪರಾಕ್ರಮ. ಹತ್ತಿ ಹೊಲದಲ್ಲಿ ಕಸ ಕೀಳುವುದು ಬೇಸರವಾಗಿ, ಇನ್ನು ಮಣ್ಣು ಮುಟ್ಟಲಾರೆ ಎಂದು ಊರು ಬಿಟ್ಟವನು ನಾನು. ಸರ್ಕಾರ ನನ್ನನ್ನು ಎರಡು ಸಾವಿರ ಮೈಲಿ ರೈಲಿನಲ್ಲಿ ಕೂರಿಸಿಕೊಂಡು ಹೋಗಿ ಕೈಗೆ ಗುದ್ದಲಿ ಕೊಟ್ಟಿತು. ಹಣೆಬರಹಕ್ಕೆ ಹೊಣೆ ಯಾರು?

ಹೊರಡುವಾಗ ಅಣ್ಣ ಮುಖ ತಿರುಗಿಸಿದ. ಅವನಿಗೆ ಒಂದು ಜೊತೆ ಕೈ ಕಡಿಮೆಯಾಯಿತು ಎಂಬ ಸಿಟ್ಟು. ಅವ್ವ ಮಾತ್ರ ಒಂದು ಕರಾರು ಹಾಕಿದಳು. ನಮ್ಮಲ್ಲಿ ಮಗು ಹುಟ್ಟಿದಾಗ ಅಯ್ಯನವರು ಬಂದು ಕಟ್ಟಿದ ಲಿಂಗ ಸಾಯುವ ತನಕ ಎದೆಯ ಮೇಲಿರಬೇಕು. ದಿನಾ ಜಳಕವಾದ ಮೇಲೆ ಅದನ್ನು ಎಡಗೈಯಲ್ಲಿಟ್ಟು, ನೀರು ಹಾಕಿ, ವಿಭೂತಿ ಹಚ್ಚಿ, ಆಮೇಲೆ ಬಾಯಿಗೆ ತುತ್ತು. ಕಳೆದುಹೋದರೆ ಪ್ರಾಣವೇ ಹೋದಂತೆ ಎಂದು ಹಿಂದಿನವರು ಹೇಳುತ್ತಿದ್ದರು. ಹಿಂದಿನವರು ಹೇಳಿ ಸುಮ್ಮನಾದರು, ಅವ್ವ ಅದನ್ನು ನಡೆಸುತ್ತಿದ್ದಳು. ಆಚಾರದ ವಿಷಯದಲ್ಲಿ ಅವಳು ನಮ್ಮ ಓಣಿಯ ಫೌಜದಾರಳು. ಯಾವ ಮನೆಯ ಸೊಸೆ ಪೂಜೆಗೆ ಮೊದಲು ಚಹಾ ಕುಡಿದಳು ಎಂಬುದು ಆ ಸೊಸೆಯ ಗಂಡನಿಗಿಂತ ಮೊದಲು ಅವ್ವನಿಗೆ ಗೊತ್ತಾಗುತ್ತಿತ್ತು. ಹಾಗೆ ಕುಡಿದು ಸಿಕ್ಕಿಬಿದ್ದದ್ದು ನಮ್ಮ ದೊಡ್ಡಮ್ಮನ ಸೊಸೆ. ಅಂದಿನಿಂದ ಅವ್ವ ಸ್ವಂತ ಅಕ್ಕನ ಮನೆಯ ನೀರು ಮುಟ್ಟಿರಲಿಲ್ಲ. ಅಂಥವಳು ನನ್ನ ಶಿವದಾರವನ್ನು ಹೊಸದಾಗಿ ಹೊಸೆದು ಕಟ್ಟಿ ಹೇಳಿದಳು:

"ಅಲ್ಲೆ ಏನರ ತಿನ್ನು, ನಾ ಕೇಳೂದಿಲ್ಲ. ಎದಿಮ್ಯಾಲಿಂದು ಮಾತ್ರ ಇಳಸಬ್ಯಾಡ. ನೀ ನನಗ ಕಾಣೂದಿಲ್ಲ. ಅದಕ್ಕ ಕಾಣತಿ."

ಅದನ್ನು ನಾನು ಡಿಸೆಂಬರ್ ತಿಂಗಳಲ್ಲಿ ಬಂಗಾಲದ ಒಂದು ಹೊಳೆಯಲ್ಲಿ ಕಳೆದುಕೊಂಡೆ. ಅದರಲ್ಲಿ ವೀರಗಾಥೆ ಏನೂ ಇಲ್ಲ. ಸಾಮಾನಿನ ದೋಣಿಯನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದೆವು. ಎದೆಮಟ್ಟದ ನೀರು. ಹಗ್ಗ ಎದೆಯನ್ನು ತಿಕ್ಕುತ್ತಿತ್ತು, ಬೆವರು ಕುಡಿದು ಕೊಳೆತಿದ್ದ ಶಿವದಾರ ಯಾವಾಗ ಹರಿಯಿತೋ ನನಗೆ ಗೊತ್ತೇ ಆಗಲಿಲ್ಲ. ದಂಡೆ ಹತ್ತಿ ಅಂಗಿ ಹಿಂಡುವಾಗ ಕೈ ಎದೆಗೆ ಹೋಯಿತು. ಎದೆ ಬರಿದಾಗಿತ್ತು. ವೈರಿಯ ವಿಮಾನ ತಲೆಯ ಮೇಲೆ ಹೋದಾಗಲೂ ಅಷ್ಟು ಹೆದರಿರಲಿಲ್ಲ. ನೀರಿಗೆ ಮತ್ತೆ ಇಳಿದೆ, ಕಾಲಿನಿಂದ ತಳದ ರಾಡಿ ಕೆದಕಿದೆ. ನಮ್ಮ ಹವಾಲ್ದಾರ ಮೇಲಿಂದ ಬೈದ. ಏನು ಕಳೆದಿದೆ ಎಂದು ಕೇಳಿದ. ನನಗೆ ಬರುತ್ತಿದ್ದ ಹರಕು ಹಿಂದಿಯಲ್ಲಿ ದೇವರು ಎಂದೆ. ಸ್ಟೋರಿನಿಂದ ಕೊಡದೇ ಇದ್ದದ್ದು ಕಳೆದುಹೋಗಲು ಸಾಧ್ಯವೇ ಇಲ್ಲ ಎಂದು ಅವನು ತೀರ್ಪು ಕೊಟ್ಟ. ಅದು ಫೌಜಿನ ವೇದಾಂತ. ಅದರ ಎದುರು ನಮ್ಮ ಅಯ್ಯನವರ ವೇದಾಂತ ನಿಲ್ಲುವುದಿಲ್ಲ.

ನಾನು ಮಹಾಭಕ್ತನೇನಲ್ಲ. ಆದರೆ ಆ ಮಧ್ಯಾಹ್ನ ತಾಟಿನ ಮುಂದೆ ಕೂತರೆ ಕೈ ಬಾಯಿಯತ್ತ ಏಳಲೊಲ್ಲದು. ಹುಟ್ಟಿದಾಗಿನಿಂದ ಒಂದು ಕೆಲಸವಾದ ಮೇಲೆ ಇನ್ನೊಂದು ಎಂದು ಕಲಿತ ಕೈ ಅದು. ರಾತ್ರಿಯೂ ಹಾಗೇ ಆಯಿತು, ಮರುದಿನವೂ. ತಲೆಯೊಳಗೆ ಅವ್ವ ಕೂತು ನನ್ನ ತಾಟನ್ನೇ ನೋಡುತ್ತಿದ್ದಳು. ಉಪವಾಸದಲ್ಲಿ ಸಲಿಕೆ ಹಿಡಿದರೆ ಸಲಿಕೆಯೇ ನಮ್ಮನ್ನು ಎತ್ತುತ್ತದೆ. ಯಾವುದಾದರೂ ಕಲ್ಲೊಂದನ್ನು ಸದ್ಯಕ್ಕೆ ಕಟ್ಟಿಕೊಂಡರಾಯಿತು ಎಂದು ಹುಡುಕಿದೆ. ಆ ನಾಡಿನಲ್ಲಿ ಕಲ್ಲೇ ಇಲ್ಲ. ಎಲ್ಲಿ ಅಗೆದರೂ ಮಣ್ಣು, ಮಣ್ಣಿನ ಕೆಳಗೆ ಮತ್ತೆ ಮಣ್ಣು. ರಸ್ತೆಗೆ ಹಾಕಲು ಕೂಡ ಅಲ್ಲಿಯ ಜನ ಇಟ್ಟಂಗಿ ಸುಟ್ಟು, ಅದನ್ನೇ ಒಡೆದು ಖಡಿ ಮಾಡುತ್ತಾರೆ. ಹೊಲದಲ್ಲಿ ಕಲ್ಲು ಆರಿಸಿ ಆರಿಸಿ ಬೆನ್ನು ಮುರಿದುಕೊಂಡ ನಮ್ಮ ಕಲಘಟಗಿ ಕಡೆಯ ರೈತರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಬೇಕು.

ನಮ್ಮ ಕಂಪನಿಯಲ್ಲಿ ನನ್ನ ಸೀಮೆಯವನು ಒಬ್ಬನೇ ಇದ್ದ. ನವಲಗುಂದದ ಮುಸಲ್ಮಾನರ ಹುಡುಗ, ಜಮಖಾನೆ ನೇಯುವ ಮನೆಯವನು. ಅವನ ಜೊತೆ ಕನ್ನಡದಲ್ಲಿ ಬೈದಾಡಲು ಸಿಗುತ್ತದಲ್ಲ ಎಂಬ ಒಂದೇ ಕಾರಣಕ್ಕೆ ನನಗೆ ಅವನು ಜೀವದ ಗೆಳೆಯ. ನಾನು ಉಣ್ಣದೆ ಕೂತದ್ದನ್ನು ಅವನು ನೋಡಿದ, ಕಾರಣ ಕೇಳಿದ, ನಗಲಿಲ್ಲ. ಬಾಜೂ ಮನೆಯ ಕಾಕಾ ದಿನಾ ಜಗಲಿಯ ಮೇಲೆ ಕೂತು ಪೂಜೆ ಮಾಡುವುದನ್ನು ನೋಡಿ ಬೆಳೆದವನಿಗೆ ನನ್ನ ಎದೆಯ ಮೇಲೆ ಏನಿರಬೇಕು, ಎಷ್ಟು ದೊಡ್ಡದಿರಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಸಂಜೆ ರಸ್ತೆಯ ರಾಶಿಯಿಂದ ಚೆನ್ನಾಗಿ ಸುಟ್ಟ ಒಂದು ಇಟ್ಟಂಗಿ ಚೂರು ಆರಿಸಿಕೊಂಡು, ಸಲಿಕೆಯ ಬೆನ್ನಿನ ಮೇಲೆ ಅದನ್ನು ತಿಕ್ಕುತ್ತ ಕೂತ. ತಿಕ್ಕಿದ, ಕಣ್ಣೆದುರು ಹಿಡಿದು ನೋಡಿದ, ಮತ್ತೆ ತಿಕ್ಕಿದ. ಕೆಳಗೆ ಚಪ್ಪಟೆ, ಮೇಲೆ ಗುಂಡಗೆ, ಅಂಗೈಯಲ್ಲಿ ಕೂರುವಂತೆ. ಆದರೆ ಕೆಂಪಗಿತ್ತು. ಅದಕ್ಕೂ ಅವನ ಹತ್ತಿರ ಉಪಾಯವಿತ್ತು. ಬೂಟಿನ ಪಾಲಿಶ್ ಡಬ್ಬಿ ತೆಗೆದು, ಬೆಂಕಿಗೆ ಹಿಡಿದು ಕರಗಿಸಿ, ಬಳಿದು, ಬಟ್ಟೆಯಿಂದ ಉಜ್ಜಿ ಕಪ್ಪಗೆ ಮಿಂಚುವಂತೆ ಮಾಡಿದ. ಉಗುಳು ತಾಗದೆ ಪಾಲಿಶ್ ಮಿಂಚುವುದಿಲ್ಲ ಎಂಬುದು ಫೌಜಿನ ಮೊದಲ ಪಾಠ. ಅವನು ಉಗುಳಿದನೋ ಇಲ್ಲವೋ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೆಲವು ವಿಷಯಗಳಲ್ಲಿ ಎರಡೂ ಧರ್ಮದವರು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು.

"ತಗೋಳಲೇ," ಅಂದ. "ಇದು ದೇವರು ಹೌದೋ ಅಲ್ಲೋ, ಅದು ನಿಂದು ಅದರದು ಬಿಟ್ಟದ್ದು. ಮೊದಲ ಉಣ್ಣು."

ಅಂಗೈಯಲ್ಲಿಟ್ಟುಕೊಂಡೆ, ನೀರು ಹನಿಸಿದೆ, ಕಣ್ಣು ಮುಚ್ಚಿದೆ. ಬೂಟಿನ ವಾಸನೆ ಬಂತು. ಆಮೇಲೆ ಕೈ ತಾನಾಗಿ ಬಾಯಿಗೆ ಹೋಯಿತು. ಅಷ್ಟು ರುಚಿಯಾದ ಬೇಳೆ ನಾನು ಅದರ ಹಿಂದೆ ಮುಂದೆ ಉಂಡಿಲ್ಲ.

ಮರುದಿನ ನಸುಕಿಗೆ ಹೊರಟಾಗ ಅವನು ಮೊದಲ ಲಾರಿಯಲ್ಲಿದ್ದ. ತಾತ್ಕಾಲಿಕ ಸೇತುವೆಯ ಅಂಚು ಕುಸಿದು ಲಾರಿ ಮಗುಚಿತು. ವೈರಿ ಹತ್ತಿರದಲ್ಲೆಲ್ಲೂ ಇರಲಿಲ್ಲ. ಇಟ್ಟಂಗಿ ಖಡಿಯ ಮೂಟೆಗಳ ಕೆಳಗಿಂದ ಅವನನ್ನು ನಾವೇ ತೆಗೆದೆವು. ಯುದ್ಧ ಮುಗಿದ ಮೇಲೆ ರಜೆ ಸಿಕ್ಕಾಗ ಮೊದಲು ನವಲಗುಂದಕ್ಕೆ ಹೋಗಿ ಅವನ ತಾಯಿಯನ್ನು ನೋಡಿ ಬಂದೆ. ಮಗ್ಗದ ಮುಂದೆ ಕೂತಿದ್ದಳು, ನನ್ನನ್ನು ಕೂರಿಸಿ ಚಹಾ ಕೊಟ್ಟಳು, ಹೆಚ್ಚು ಅಳಲಿಲ್ಲ. ನಾನು ಅತ್ತೆ. ಅವನ ಓಣಿಯಲ್ಲಿ ಸಭೆಯಾಗಲಿಲ್ಲ, ಭಾಷಣವಾಗಲಿಲ್ಲ. ಲಾರಿ ಮಗುಚಿ ಸತ್ತವನಿಗೆ ಹಾರ ಹಾಕುವ ಪದ್ಧತಿ ನಮ್ಮ ತಾಲೂಕಿನಲ್ಲಿ ಇರಲಿಲ್ಲ.

ಆ ರಜೆಯಲ್ಲಿ ನನ್ನೂರಿನ ಕಡೆ ಮುಖ ಹಾಕಲು ಧೈರ್ಯ ಸಾಲದೆ ನವಲಗುಂದದಿಂದಲೇ ತಿರುಗಿ ಹೋದೆ. ಮರು ವರ್ಷ ನನ್ನ ಸೇವೆಯ ಕರಾರು ಮುಗಿದಾಗ ಮಾತ್ರ ಬೇರೆ ದಾರಿ ಉಳಿಯಲಿಲ್ಲ. ಮಧ್ಯದಲ್ಲಿ ಎಲ್ಲಾದರೂ ಒಂದು ಮಠಕ್ಕೆ ಹೋಗಿ ಹೊಸ ಲಿಂಗ ಕಟ್ಟಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಹೊಸದನ್ನು ಕಟ್ಟಿದರೆ ಹಳೆಯದನ್ನು ತೆಗೆಯಬೇಕು. ಸತ್ತವನು ತಿಕ್ಕಿ ತಿಕ್ಕಿ ಮಾಡಿಕೊಟ್ಟದ್ದನ್ನು ಎಲ್ಲಿ ಎಸೆಯಲಿ? ನನಗೆ ಆಗಲಿಲ್ಲ. ವಾರಕ್ಕೊಮ್ಮೆ ಬೂಟುಗಳ ಜೊತೆಗೆ ಅದಕ್ಕೂ ಪಾಲಿಶ್ ಹಾಕುತ್ತ ಬಂದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಅವ್ವ ತಾನೇ ನೀರು ಕಾಸಿ ಜಳಕ ಮಾಡಿಸಿ, ನನ್ನೆದುರು ಕೂತು, ತಾನೇ ನೀರು ಹಾಕುತ್ತೇನೆ ಎಂದಳು.  ನಾನು ಜೀವಂತ ಬಂದದ್ದು ತಾನು ಕಟ್ಟಿ ಕಳಿಸಿದ್ದರಿಂದ ಎಂದು ಅವಳು ನಂಬಿದ್ದಳು. ಅದು ಹೊಳೆಯ ತಳದಲ್ಲಿದೆ ಎಂದು ಗೊತ್ತಾದರೆ ಅವಳ ದೇವರ ಲೆಕ್ಕವೇ ತಪ್ಪುತ್ತದೆ. ಇನ್ನು ಓಣಿಗೆ ಗೊತ್ತಾದರೆ? ಇಷ್ಟು ವರ್ಷ ಅವಳಿಂದ ಬೈಸಿಕೊಂಡ ಸೊಸೆಯರೆಲ್ಲ ಬಡ್ಡಿ ಸಮೇತ ವಸೂಲಿಗೆ ನಿಲ್ಲುತ್ತಾರೆ. ಅವ್ವ ನನ್ನ ಅಂಗೈಯ ಮೇಲೆ ನೀರು ಬಿಟ್ಟಳು. ಸ್ವಲ್ಪ ಹೊತ್ತು ನೋಡಿದಳು. ಮೂಗಿನ ಹತ್ತಿರ ತಂದಳು.  ಹೊಸ ಬಟ್ಟೆಯಲ್ಲಿ ಸುತ್ತಿ ಕಟ್ಟಿ, ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ವಯಸ್ಸಾಯಿತು, ಕಣ್ಣು ಮಂಜಾಗಿದೆ ಎಂದುಕೊಂಡು ನಾನು ಉಸಿರು ಬಿಟ್ಟೆ. ಫೌಜಿನಲ್ಲಿ ಏಳು ವರ್ಷ ಇದ್ದರೂ ಬುದ್ಧಿ ಬೆಳೆಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗಂಡಾಂತರ ಬಂದದ್ದು ಬೇರೆ ಕಡೆಯಿಂದ. ಬರುವಾಗ ರೈಲಿನಲ್ಲಿ ಪೂಜೆಗೆಂದು ಬಿಚ್ಚಿದಾಗ ಮೇಲಿನ ಹಲಗೆಯಿಂದ ಆ ಇಟ್ಟಂಗಿ ಲಿಂಗ ಬಿದ್ದು ಒಂದು ಬದಿ ಸ್ವಲ್ಪ ಕೆತ್ತಿಹೋಗಿತ್ತು. ಒಂದು ದಿನ ಬಾವಿಯ ಹತ್ತಿರ ಜಳಕ ಮಾಡಿ ಪೂಜೆಗೆ ಕೂತಾಗ ಗೌಡರ ತಮ್ಮ ಅದನ್ನು ನೋಡಿದ. ಇದೇನು ತಗ್ಗು ಎಂದ. ರೈಲಿನಲ್ಲಿ ಬಿತ್ತು ಎಂದೆ. ಅವನು ತಗ್ಗನ್ನು ನೋಡಿದ, ನನ್ನ ಎದೆಯನ್ನು ನೋಡಿದ, ನಿಧಾನವಾಗಿ ಕಣ್ಣಗಲಿಸಿದ. ನಾನು ಹೇಳಿದ್ದು ಅಪ್ಪಟ ನಿಜ. ನಮ್ಮೂರಿನಲ್ಲಿ ಅಪ್ಪಟ ನಿಜದಷ್ಟು ಅನುಮಾನಕ್ಕೆ ಕಾರಣವಾಗುವ ವಸ್ತು ಇನ್ನೊಂದಿಲ್ಲ.

ಹೊತ್ತು ಮುಳುಗುವುದರೊಳಗೆ ವೈರಿಯ ಗುಂಡು ನನ್ನ ಲಿಂಗಕ್ಕೆ ಬಡಿದು ಹಿಂದಕ್ಕೆ ಹೋಗಿತ್ತು. ಮರುದಿನ, ಹಿಂದಕ್ಕೆ ಹೋದ ಗುಂಡು ಹೊಡೆದವನಿಗೇ ಬಡಿದಿತ್ತು. ಸಂಶಿಯ ಸಂತೆಗೆ ಹೋಗಿ ಬಂದವರು ಆ ಸುದ್ದಿಯನ್ನು ಅಲ್ಲಿಂದ ಇನ್ನಷ್ಟು ಕೊಬ್ಬಿಸಿಕೊಂಡು ತಂದರು, ಈಗ ಸತ್ತವರು ಮೂವರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರಿಗೆ ನಮ್ಮಲ್ಲಿ ಎಂದೂ ಬರಗಾಲ ಬಂದಿಲ್ಲ. ಗುಂಡು ಬಡಿದಿಲ್ಲರೋ ಮಾರಾಯರೇ ಎಂದು ಕಟ್ಟೆಯ ಮೇಲೆ ನಿಂತು ಹೇಳಿದೆ. ಆಗ ಗೌಡರು ಎಲ್ಲರಿಗೂ ಸುಮ್ಮನಿರುವಂತೆ ಸನ್ನೆ ಮಾಡಿ, ದನಿ ತಗ್ಗಿಸಿ ವಿವರಿಸಿದರು:

"ಅಂವನ್ನ ಕಾಡಬ್ಯಾಡ್ರಿ. ಮ್ಯಾಲಿಂದ ಆರ್ಡರ್ ಇರತೈತಿ. ಮಿಲಿಟ್ರಿಯವರು ಹಿಂಥಾವೆಲ್ಲಾ ಹೇಳೂಹಂಗಿಲ್ಲ."

ಅಲ್ಲಿಂದ ಮುಂದೆ ನಾನು ಇಲ್ಲ ಎಂದಷ್ಟೂ ಅದು ಹೌದೇ ಹೌದಾಯಿತು. ಪೂರ್ತಿ ಕಥೆ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಅವ್ವನಿಗೂ ಗೊತ್ತಾಗುತ್ತದೆ. ಅದೊಂದನ್ನು ತಪ್ಪಿಸಲು ಕೋಲೆಬಸವನಂತೆ ತಲೆಯಾಡಿಸುತ್ತ ಓಡಾಡಿದೆ. ಹೆಂಗಸರು ಬಂದು ಅವ್ವನ ಕಾಲಿಗೆ ಬೀಳತೊಡಗಿದರು. ಎಂಥಾ ಹೊಟ್ಟೆಯಲ್ಲಿ ಎಂಥಾ ಮಗ ಎನ್ನುತ್ತಿದ್ದರು. ಅವ್ವ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಒಳಗೊಳಗೇ ಹಿಗ್ಗಿದ್ದಾಳೆ ಎಂದು ನಾನು ತಿಳಿದೆ.

ಗೌಡರಿಗೆ ತಾಲೂಕು ಬೋರ್ಡಿನ ಚುನಾವಣೆಗೆ ನಿಲ್ಲುವ ಆಸೆ. ಅಂಥವರಿಗೆ ಗುಂಡು ತಡೆದ ಲಿಂಗ ಮನೆ ಬಾಗಿಲಿಗೆ ಬಂದರೆ ಬಿಡುತ್ತಾರೆಯೇ? ಶ್ರಾವಣದ ಸೋಮವಾರ ಮಠದ ಅಂಗಳದಲ್ಲಿ ಸಭೆ ಇಟ್ಟರು. ಅಯ್ಯನವರಿಂದ ಲಿಂಗಕ್ಕೆ ಅಭಿಷೇಕ, ವೀರಮಾತೆಗೆ ಸೀರೆ, ವೀರಪುತ್ರನಿಗೆ ಶಾಲು, ಊರಿಗೆಲ್ಲ ತೀರ್ಥ. ಆಮೇಲೆ ಲಿಂಗವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಠದಲ್ಲೇ ಉಳಿಸಿಕೊಳ್ಳುವುದು, ಪೆಟ್ಟಿಗೆ ಕೊಟ್ಟವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸುವುದು. ಪೆಟ್ಟಿಗೆ ಕೊಟ್ಟವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಆ ದಿನ ತಿರ್ಲಾಪುರದಿಂದ ಧ್ವನಿವರ್ಧಕ ಬಂತು, ಬೇರೆ ಊರಿನ ಜನರೂ ಬಂದರು. ಸಾಲಿಯ ಹೆಡ್‌ಮಾಸ್ತರು ಮಾತನಾಡುತ್ತ ನನ್ನ ಎದೆಯನ್ನು ದೇಶದ ಕೋಟೆ ಎಂದು ಕರೆದರು. ದೇಶದ ಕೋಟೆ ಹೊಸ ಶಾಲಿನೊಳಗೆ ಬೆವರುತ್ತ ಕೂತಿತ್ತು. ಅವ್ವ ನನ್ನ ಪಕ್ಕದಲ್ಲೇ ಇದ್ದಳು, ಗೌಡರು ಕೊಟ್ಟ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಿಚ್ಚದೆ. ಕೊನೆಗೆ ಎದೆಯಿಂದ ಅದನ್ನು ಬಿಚ್ಚಿ ಅಯ್ಯನವರ ಕೈಗಿತ್ತೆ. ಅಯ್ಯನವರು ವಯಸ್ಸಾದವರು, ನಿಷ್ಕಪಟಿಗಳು. ಎರಡೂ ಕಣ್ಣಿಗೆ ಒತ್ತಿಕೊಂಡರು. ತುಸು ತಡೆದು, ಏನೋ ಒಂದು ಪರಿಮಳ ಬರುತ್ತದೆ ಎಂದರು. ಅದು ಧ್ವನಿವರ್ಧಕದಲ್ಲಿ ಊರಿಗೆಲ್ಲ ಕೇಳಿಸಿತು. ಮುಂದೆ ಕೂತವರು ಜೋರಾಗಿ ಉಸಿರೆಳೆದುಕೊಂಡು ಹೌದು ಹೌದು ಎಂದರು.

ಅಯ್ಯನವರು ಅದನ್ನು ತಾಮ್ರದ ತಾಟಿನಲ್ಲಿಟ್ಟು ಬಿಸಿನೀರಿನಿಂದ ತೊಳೆದರು. ಭಕ್ತಿ ಹೆಚ್ಚಾಗಿ ಬೆರಳಿನಿಂದ ಚೆನ್ನಾಗಿ ತಿಕ್ಕಿದರು. ಆಮೇಲೆ ಹಾಲು ಸುರಿದರು. ಬೂಟಿನ ಪಾಲಿಶ್ ಹಿಮಾಲಯದ ಹಿಮಕ್ಕೆ ತಡೆಯಬಹುದು, ಭಕ್ತಿಗೆ ತಡೆಯುವುದಿಲ್ಲ. ಕೆತ್ತಿಹೋದ ಬದಿಯಲ್ಲಿ ಕಪ್ಪು ಸುಲಿದು ಬಂತು, ಅದರ ಹಿಂದೆ ಕೆಂಪು ಇಳಿಯತೊಡಗಿತು. ತಾಟಿನ ಬಿಳಿ ಹಾಲಿನಲ್ಲಿ ಕೆಂಪು ಗೆರೆ, ಸಣ್ಣದು, ಆಮೇಲೆ ದೊಡ್ಡದು.

ಯಾರೋ ಮೆಲ್ಲಗೆ ರಕ್ತ ಎಂದರು. ಸಾಕಾಯಿತು. ಕೂತವರು ಎದ್ದರು, ನಿಂತವರು ಅಡ್ಡಬಿದ್ದರು. ನನ್ನ ಎದೆಯಿಂದ ಸುರಿಯಬೇಕಾಗಿದ್ದ ರಕ್ತವನ್ನು ದೇವರು ತಾನು ಇಟ್ಟುಕೊಂಡಿದ್ದು ಈಗ ಬಿಡುತ್ತಿದ್ದಾನೆ ಎಂದು ಗೌಡರು ಧ್ವನಿವರ್ಧಕದಲ್ಲಿ ಅರ್ಥ ಬಿಡಿಸಿದರು.  ಹೆಂಗಸರು ಕೂಸುಗಳನ್ನು ಎತ್ತಿಕೊಂಡು ತೀರ್ಥಕ್ಕೆ ಮುಂದೆ ಬಂದರು. ತಾಟನ್ನು ಎತ್ತಿ ಮೊದಲ ಕೂಸಿನ ಬಾಯಿಗೆ ಸವುಟು ಹಿಡಿಯಬೇಕು, ಅಷ್ಟರಲ್ಲಿ ಅವ್ವ ಎದ್ದಳು. ನಾನು ಏಳಬೇಕಾಗಿತ್ತು. ಶಾಲು ಹೊದ್ದು ಕೂತೇ ಇದ್ದೆ.

"ನಿಂದರ್ರಿ ಅಯ್ಯಾರ. ಕೂಸಿಗೆ ಕುಡಸಬ್ಯಾಡ್ರಿ," ಎಂದಳು. "ರಕ್ತ ಅಲ್ಲ ಅದು. ಇಟ್ಟಂಗಿ. ಕರ್ರಗಿದ್ದದ್ದು ಬೂಟಿನ ಪಾಲಿಶ್. ಹೊಟ್ಟಿ ಕೆಡತೈತಿ."

ಧ್ವನಿವರ್ಧಕ ನಿಷ್ಠೆಯಿಂದ ಅದನ್ನೂ ಎಲ್ಲರಿಗೂ ಕೇಳಿಸಿತು. ಗೌಡರು ಓಡಿಬಂದು, ನಿನಗೆ ಗೊತ್ತಾಗುವುದಿಲ್ಲ ಸುಮ್ಮನೆ ಕೂಡು ಯವ್ವಾ ಎಂದು ಗದರಿದರು. ಹಾಗಾದರೆ ಗುಂಡು ಬಡಿದದ್ದು ಸುಳ್ಳೇ ಎಂದು ಕೇಳಿದರು.

"ಗುಂಡು ಬಡದಿದ್ದರ ಇಟ್ಟಂಗಿ ಪುಡಿ ಆಗತಿತ್ತರಿ ಗೌಡ್ರ. ನನ್ನ ಮಗಾನೂ ಆಗತಿದ್ದ," ಎಂದಳು ಅವ್ವ. ಆಮೇಲೆ ಜನರ ಕಡೆ ತಿರುಗಿದಳು. ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಾ ಕಟ್ಟಿದ್ದನ್ನ ಅಂವ ಎಲ್ಲೋ ಕಳಕೊಂಡು ಬಂದಾನ. ಬಂದ ಮರುದಿನಾನ ನನಗ ಗೊತ್ತಾತು. ಕಲ್ಲು ನೀರು ಕುಡಿಯೂದಿಲ್ಲ, ಇದು ಕುಡೀತು. ಗೊತ್ತಾಗೇ ಅಂವಗ ರೊಟ್ಟಿ ಬಡದು ಹಾಕೇನಿ. ಇವತ್ತಿನ ತನಕಾ ಹಾಕೇನಿ. ತಪ್ಪಂದ್ರ ನಂದು."

ಇಡೀ ಓಣಿಯ ಆಚಾರ ಕಾಯುತ್ತಿದ್ದವಳು ತನ್ನ ಫೌಜದಾರಿಕೆಯನ್ನು ತಾನೇ ಕಳಚಿ ಎಲ್ಲರ ಮುಂದೆ ಇಟ್ಟುಬಿಟ್ಟಳು. ಕಂಡವರ ಕೂಸಿನ ಹೊಟ್ಟೆ ಕೆಡಬಾರದು ಎಂದು. ನಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡು ತಿಂಗಳುಗಟ್ಟಲೆ ಕಳ್ಳನ ಹಾಗೆ ಓಡಾಡಿದ್ದೆ. ಅವಳು ಅಷ್ಟೂ ದಿನ ಬಾಯಿ ಬಿಡದೆ ನನ್ನನ್ನು ಕಾಯುತ್ತಿದ್ದಳು. ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು, ಶಾಲಿನಲ್ಲಿ ಮುಖ ಒರೆಸಿಕೊಂಡೆ.

ಸಭೆ ಹೇಗೆ ಮುಗಿಯಿತೋ ಹಾಗೆ ಮುಗಿಯಿತು. ಗೌಡರು ಧ್ವನಿವರ್ಧಕದವನ ಮೇಲೆ ರೇಗಾಡಿದರು, ಪಾಪ ಅವನದೇ ತಪ್ಪು ಎನ್ನುವ ಹಾಗೆ. ಹೆಡ್‌ಮಾಸ್ತರು ದೇಶದ ಕೋಟೆಯ ಕಡೆ ನೋಡದೆ ಸೈಕಲ್ ಹತ್ತಿದರು. ಗಾಜಿನ ಪೆಟ್ಟಿಗೆಯಲ್ಲಿ ಆಮೇಲೆ ಗೌಡರ ಮನೆಯವರು ಹಪ್ಪಳ ಇಡುತ್ತಿದ್ದರು ಎಂದು ಕೇಳಿದ್ದೇನೆ. ನನಗೆ ಇಟ್ಟಂಗಿ ಮಿಲಿಟರಿ ಎಂಬ ಬಿರುದು ಬಂತು, ಇವತ್ತಿಗೂ ಇದೆ. ಸರ್ಕಾರ ಕೊಟ್ಟ ಪದಕ ಎಲ್ಲಿದೆಯೋ ಗೊತ್ತಿಲ್ಲ. ಅಯ್ಯನವರು ಮಾತ್ರ ಸಿಟ್ಟಾಗಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ಬರುವ ಸೋಮವಾರ ಹೊಸದು ಕಟ್ಟೋಣ ಎಂದು ಹೇಳಿ, ಕೆಂಪು ಕಪ್ಪು ಕಲೆಸಿಹೋಗಿದ್ದ ಆ ಚೂರನ್ನು ಒರೆಸಿ ಅವ್ವನ ಕೈಗೆ ಕೊಟ್ಟರು. ಅಂಗಳದ ಬಾಗಿಲಲ್ಲಿ ದೊಡ್ಡಮ್ಮ ಕಾಯುತ್ತಿದ್ದಳು. ಇನ್ನಾದರೂ ನಮ್ಮ ಮನೆಯ ನೀರು ನಡೆಯುತ್ತದೆಯೋ ಎಂದು ಕೇಳಿದಳು. ವರ್ಷಗಟ್ಟಲೆ ಕಾದಿಟ್ಟ ಮಾತು ಅದು. ಅವ್ವ ಅವಳ ಮನೆಗೆ ಹೋಗಿ, ಒಂದು ತಂಬಿಗೆ ನೀರು ಗಟಗಟ ಕುಡಿದು, ಆಮೇಲೆ ನಮ್ಮ ಮನೆಗೆ ಬಂದಳು.

ಒಲೆ ಹೊತ್ತಿಸಿ ಜೋಳದ ಹಿಟ್ಟು ನಾದುತ್ತ, ನನ್ನ ಕಡೆ ನೋಡದೆ, ಇದನ್ನು ಯಾರು ಮಾಡಿದ್ದು ಎಂದು ಕೇಳಿದಳು. ನಿನ್ನ ಕೈಯಲ್ಲಿ ಇಷ್ಟು ನಯ ಎಲ್ಲಿಂದ ಬರಬೇಕು ಎಂದೂ ಸೇರಿಸಿದಳು. ನಾನು ಎಲ್ಲ ಹೇಳಿದೆ. ಹೊಳೆ, ಹಗ್ಗ, ನಾನು ಉಣ್ಣದೆ ಕೂತದ್ದು, ನವಲಗುಂದದವನು, ಸಲಿಕೆಯ ಬೆನ್ನಿನ ಮೇಲೆ ತಿಕ್ಕಿದ್ದು, ಮೊದಲು ಉಣ್ಣು ಎಂದದ್ದು. ಮರುದಿನದ ಲಾರಿಯನ್ನೂ ಹೇಳಿದೆ. ಅವ್ವ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅವನು ಯಾವ ಮತದವನು ಎಂದು ಕೇಳುತ್ತಾಳೆ, ಇಟ್ಟಂಗಿ ದೇವರಾಗುತ್ತದೆಯೇ ಎಂದು ಕೇಳುತ್ತಾಳೆ, ಮೂಲ ಲಿಂಗ ಯಾವ ಹೊಳೆಯಲ್ಲಿ ಎಂದು ಕೇಳುತ್ತಾಳೆ ಎಂದುಕೊಂಡು ಕಾದೆ. ಅವಳು ಕೇಳಿದ್ದು ಬೇರೆ.

"ಅವತ್ತ ಅಂವ ಉಂಡಿದ್ದನೇನೋ?"

ಯುದ್ಧದ ಬಗ್ಗೆ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಆ ಸಂಜೆ ಊಟದ ಸಿಳ್ಳು ಹೊಡೆದಾಗ ಅವನು ತಿಕ್ಕುತ್ತ ಕೂತಿದ್ದ. ಒಬ್ಬರ ಕೈಗೆ ಒಂದು ಸಲಕ್ಕೆ ಒಂದೇ ತಾಟು ಕೊಡುತ್ತಿದ್ದರು, ನನ್ನ ಪಾಲಿನದನ್ನು ತಂದು ಬಾಜೂಕೆ ಮುಚ್ಚಿಟ್ಟು, ಆಯಿತು ಇನ್ನೇನು ಆಯಿತು ಎನ್ನುತ್ತ ಮತ್ತೆ ತಿಕ್ಕಿದ. ಪಾಲಿಶ್ ಮುಗಿಸಿ, ನನ್ನ ಬಾಯಿಗೆ ತುತ್ತು ಹೋದದ್ದನ್ನು ನೋಡಿ, ತನ್ನ ತಾಟು ಎತ್ತಿಕೊಂಡು ಅಡಿಗೆಯವರ ಕಡೆ ಹೋದ. ಅವರು ಆಗಲೇ ಹಂಡೆ ತೊಳೆದು ಕವುಚಿ ಹಾಕಿದ್ದರು. ಬರಿ ತಾಟು ಹಿಡಿದು ತಿರುಗಿ ಬಂದು, ಬೆಳಿಗ್ಗೆ ನೋಡೋಣ ಎಂದು ಮಲಗಿದ. ಆಗ ನನ್ನ ತಾಟೂ ಖಾಲಿಯಾಗಿತ್ತು. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲೇ ಲಾರಿಗಳು ಹೊರಟವು.

"ಉಂಡಿದ್ದ ಬೇ," ಎಂದೆ. "ನನ್ನ ಬಾಜೂಕ ಕುಂತು ಹೊಟ್ಟಿತುಂಬ ಉಂಡಿದ್ದ."

ಊರು ಆ ಯುದ್ಧದ ಬಗ್ಗೆ ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ನಾನು ಹೇಳಿದ್ದು ಇದೊಂದೇ. ಅವ್ವ ತಲೆ ಅಲ್ಲಾಡಿಸಿ, ಹಂಚಿನ ಮೇಲಿಂದ ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು.